ಸಿಂಗಾಪುರ ಬಿಡುವ ಮುನ್ನ ತೆರಿಗೆ ಬಾಕಿ ಚುಕ್ತಾ ಮಾಡಿ

ಊರಿಗೆ ಮರಳುವುದೆಂದು ತೀರ್ಮಾನವಾಗಿದೆ. ಬೆಂಗಳೂರಿನ ಶಾಲೆಯಲ್ಲಿ ಮಕ್ಕಳಿಗೆ ಸೀಟು ಸಿಕ್ಕಿದೆ, ಟಿಕೆಟ್ ಬುಕ್ ಆಗಿದೆ, ಸಾಮಾನು ಸಾಗಿಸುವವರಿಗೆ ಮುಂಗಡವೂ ಹೋಗಿದೆ. ಅಷ್ಟರಲ್ಲಿ ಕಂಪನಿಯ ಎಚ್‌ಆರ್‌ನಿಂದ ಮೇಲ್ ಬರುತ್ತದೆ: ಈ ತಿಂಗಳ ಸಂಬಳ ತಡೆಹಿಡಿಯಲಾಗಿದೆ.

ಗಾಬರಿಯಾಗಬೇಡಿ. ಇದು ನಿಮ್ಮ ಮೇಲಿನ ಅನುಮಾನವಲ್ಲ, ಅಲ್ಲಿನ ಕಾನೂನು. ಆದರೆ ಮೊದಲೇ ತಿಳಿದಿರದಿದ್ದರೆ, ಖರ್ಚು ಹೆಚ್ಚಿರುವ ತಿಂಗಳಲ್ಲೇ ಕೈ ಖಾಲಿಯಾಗುತ್ತದೆ.

ಸಂಬಳ ಏಕೆ ತಡೆಯುತ್ತಾರೆ?

ಭಾರತದಲ್ಲಿ ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ ಕಡಿತವಾಗುತ್ತದೆ. ಸಿಂಗಾಪುರದಲ್ಲಿ ತಿಂಗಳ ಸಂಬಳದಿಂದ ಆದಾಯ ತೆರಿಗೆ ಕಡಿಯುವುದಿಲ್ಲ. ಜನವರಿಯಿಂದ ಡಿಸೆಂಬರ್‌ವರೆಗಿನ ಗಳಿಕೆಗೆ ಮುಂದಿನ ವರ್ಷ ತೆರಿಗೆ ಕಟ್ಟುತ್ತೀರಿ. ಹಾಗಾಗಿ ಕೆಲಸ ಬಿಡುವವರ ಹೆಸರಿನಲ್ಲಿ ಸಾಮಾನ್ಯವಾಗಿ ಒಂದಿಷ್ಟು ಬಾಕಿ ಇದ್ದೇ ಇರುತ್ತದೆ.

ಅದನ್ನು ವಸೂಲು ಮಾಡುವ ಹೊಣೆಯನ್ನು ತೆರಿಗೆ ಇಲಾಖೆಯಾದ ಐರಾಸ್ ಕಂಪನಿಯ ಮೇಲೆ ಹಾಕಿದೆ. ಸಿಂಗಾಪುರದ ಪೌರರಲ್ಲದ ಉದ್ಯೋಗಿ ಕೆಲಸ ಬಿಡುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ಕಂಪನಿ ಐಆರ್21 ಎಂಬ ಫಾರಂ ಸಲ್ಲಿಸಬೇಕು. ನೀವು ಹೊರಡುವ ವಿಷಯ ತಿಳಿದ ದಿನದಿಂದ ನಿಮಗೆ ಬರಬೇಕಾದ ಸಂಬಳ, ಬೋನಸ್, ರಜೆಯ ಹಣ ಎಲ್ಲವನ್ನೂ ತಡೆಹಿಡಿಯಬೇಕು. ಐರಾಸ್ ಲೆಕ್ಕ ಹಾಕಿ ತಿಳಿಸಿದ ತೆರಿಗೆಯನ್ನು ಅದರಿಂದ ಕಟ್ಟಿ, ಉಳಿದದ್ದನ್ನು ನಿಮಗೆ ಕೊಡುತ್ತಾರೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಇಬ್ಬರಿಗೂ ಬೇರೆ ಬೇರೆ ಫಾರಂ. ಪಿಆರ್ ಇರುವವರು ಸಿಂಗಾಪುರದಲ್ಲೇ ಉಳಿದು ಕಂಪನಿ ಬದಲಿಸುವುದಾದರೆ ಇದು ಬೇಕಿಲ್ಲ. ಶಾಶ್ವತವಾಗಿ ದೇಶ ಬಿಡುವುದಾದರೆ ಬೇಕು.

ಒಟ್ಟಿಗೆ ಬರುವ ಎರಡು ವರ್ಷದ ಬಾಕಿ

ನೀವು ಜೂನ್ ಕೊನೆಗೆ ಕೆಲಸ ಬಿಡುತ್ತೀರಿ ಎಂದುಕೊಳ್ಳಿ. ಹಿಂದಿನ ವರ್ಷದ ತೆರಿಗೆಯನ್ನು ಜೈರೋ ಮೂಲಕ 12 ಕಂತುಗಳಲ್ಲಿ ಬಡ್ಡಿಯಿಲ್ಲದೆ ಕಟ್ಟುತ್ತಿದ್ದೀರಿ. ಹೊರಡುವಾಗ ಆ ಕಂತುಗಳಲ್ಲಿ ಉಳಿದದ್ದೆಲ್ಲ ಒಮ್ಮೆಗೇ ಸಲ್ಲಬೇಕು. ಜೊತೆಗೆ ಈ ವರ್ಷದ ಜನವರಿಯಿಂದ ಜೂನ್‌ವರೆಗಿನ ಗಳಿಕೆಯ ತೆರಿಗೆಯೂ ಬರುತ್ತದೆ. ತಡೆಹಿಡಿದ ಸಂಬಳ ಇದಕ್ಕೆ ಸಾಲದಿದ್ದರೆ ಉಳಿದದ್ದನ್ನು ನೀವೇ ಕಟ್ಟಬೇಕು.

ಕಂಪನಿಯ ಷೇರುಗಳು ಇದ್ದರೆ ಇನ್ನೂ ಎಚ್ಚರವಿರಲಿ. ಇನ್ನೂ ಕೈಗೆ ಬಾರದ ಷೇರು ಮತ್ತು ಆಪ್ಷನ್‌ಗಳಿಂದಲೂ ಲಾಭ ಬಂದಿದೆ ಎಂದೇ ಭಾವಿಸಿ ತೆರಿಗೆ ಹಾಕುವ ನಿಯಮವಿದೆ. ನಿಮ್ಮ ಷೇರುಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ರಾಜೀನಾಮೆ ಕೊಡುವ ಮೊದಲೇ ಎಚ್‌ಆರ್‌ ಹತ್ತಿರ ಕೇಳಿ.

ಮಕ್ಕಳ ವಿವರ ಮರೆಯಬೇಡಿ

ತೆರಿಗೆಯ ಮಟ್ಟಿಗೆ ನಿವಾಸಿಗಳಾಗಿರುವ ತಂದೆ ತಾಯಿಗೆ, ಶರತ್ತುಗಳಿಗೆ ಒಳಪಟ್ಟು, ಒಂದು ಮಗುವಿಗೆ 4,000 ಸಿಂಗಾಪುರ ಡಾಲರ್‌ನಷ್ಟು ಆದಾಯದ ಮೇಲೆ ವಿನಾಯಿತಿ ಇದೆ. ಐಆರ್21 ಫಾರಂನಲ್ಲಿ ಸಂಗಾತಿ ಮತ್ತು ಮಕ್ಕಳ ವಿವರ ತುಂಬಲು ಜಾಗವಿದೆ. ಮಕ್ಕಳ ಹೆಸರು, ಹುಟ್ಟಿದ ದಿನಾಂಕಗಳನ್ನು ಎಚ್‌ಆರ್‌ಗೆ ನೀವೇ ಕೇಳಿ ಬರೆಸಿ. ತೆರಿಗೆ ನೋಟಿಸ್ ಬಂದ ಮೇಲೆ ವಿನಾಯಿತಿ ಸೇರಿದೆಯೇ ನೋಡಿ. ತಪ್ಪಿದ್ದರೆ ನೋಟಿಸಿನ ದಿನಾಂಕದಿಂದ 30 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು.

ಹೊರಡುವ ಮುನ್ನ ಇಷ್ಟು ಮಾಡಿ

• ರಾಜೀನಾಮೆಗೆ ಮೊದಲೇ ಎರಡು ಮೂರು ತಿಂಗಳ ಮನೆಖರ್ಚನ್ನು ಬೇರೆಯಾಗಿ ಎತ್ತಿಡಿ. ಬಾಡಿಗೆ, ಸಾಗಣೆ, ಟಿಕೆಟ್‌ಗೆ ಕೊನೆಯ ಸಂಬಳವನ್ನು ನೆಚ್ಚಬೇಡಿ.
• ಕೊನೆಯ ಕೆಲಸದ ದಿನ ಮತ್ತು ದೇಶ ಬಿಡುವ ದಿನವನ್ನು ಕಂಪನಿಗೆ ಬರಹದಲ್ಲಿ ತಿಳಿಸಿ.
• ತೆರಿಗೆ ನೋಟಿಸ್ ಮತ್ತು ಪಾವತಿಯ ವಿವರಗಳನ್ನು ಪಾಸ್ ರದ್ದಾಗುವ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ನಿಮ್ಮ ಪಾಸ್ ರದ್ದಾದರೆ ಅದನ್ನು ನೆಚ್ಚಿದ ಮಕ್ಕಳ ಡಿಪೆಂಡೆಂಟ್ ಪಾಸೂ ರದ್ದಾಗುತ್ತದೆ.
• ಲೆಕ್ಕ ಪೂರ್ತಿ ಮುಗಿದು ಉಳಿದ ಹಣ ಬರುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ.
• ಭಾರತದ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಜೂನ್ ಕೊನೆಗೆ ಮರಳಿ ಅಲ್ಲೇ ಉಳಿದರೆ ಆ ವರ್ಷವೇ 182 ದಿನ ದಾಟಿ ನೀವು ಭಾರತದ ನಿವಾಸಿಯಾಗುತ್ತೀರಿ. ಸಿಂಗಾಪುರದ ದಾಖಲೆಗಳನ್ನು ಹಿಡಿದು ಒಮ್ಮೆ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಕಾಣಿ.

ಮಕ್ಕಳಿಗೂ ಹೇಳಿ

ಕೊನೆಯ ತಿಂಗಳಲ್ಲಿ ಹೊರಗಿನ ಊಟ ಕಡಿಮೆಯಾದರೆ, ಆಟಿಕೆ ಬೇಡವೆಂದರೆ, ಮಕ್ಕಳು ಕಾರಣ ಕೇಳುತ್ತಾರೆ. ಕನ್ನಡದಲ್ಲೇ ಹೇಳಿ. ನಮ್ಮ ಅಜ್ಜ ಅಜ್ಜಿ ಊರು ಬಿಡುವಾಗ ಹಾಲಿನವರ ಲೆಕ್ಕ, ಅಂಗಡಿ ಪುಸ್ತಕದ ಬಾಕಿ ತೀರಿಸಿಯೇ ಗಾಡಿ ಹತ್ತುತ್ತಿದ್ದರು. ಇದೂ ಅಂಥದ್ದೇ. ಮಗು ಪುಸ್ತಕ ತಂದ ಗ್ರಂಥಾಲಯಕ್ಕೆ, ಜಾರುಬಂಡೆ ಆಡಿದ ಪಾರ್ಕಿಗೆ ಹಣ ಬರುವುದು ಇಂಥ ತೆರಿಗೆಯಿಂದಲೇ. ತೆರಿಗೆ, ಬಾಕಿ, ರಸೀದಿ, ಚುಕ್ತಾ ಎಂಬ ನಾಲ್ಕು ಪದಗಳನ್ನು ಮಗು ಪಾಠಪುಸ್ತಕದಲ್ಲಿ ಓದುವ ಮೊದಲೇ ಮನೆಯಲ್ಲಿ ಕೇಳಿ ಕಲಿಯುತ್ತದೆ. ತಡೆದಿಟ್ಟ ಸಂಬಳ ಬಂದ ದಿನ ಆ ರಸೀದಿಯನ್ನು ಮಗುವಿನ ಕೈಗೆ ಕೊಟ್ಟು ಫೈಲಿಗೆ ಹಾಕಿಸಿ.