ಗಾಲಿಗಳ ಮೇಲಣ ಮನೆಯಲ್ಲಿ ಎಸ್ಟಿಸ್ ಪಾರ್ಕಿಗೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕಾಣುವ ನಿಮಿತ್ತ ಅಮೇರಿಕಾ ದೇಶಕ್ಕೆ ಹೋಗಿಬರುತ್ತಿರುವರು. ಹೋದವರನ್ನು ಮಕ್ಕಳು ಪರ್ವತಸಂಚಾರಕ್ಕೆ ಕರೆದೊಯ್ಯುವುದು ವಾಡಿಕೆಯಾಗಿದೆ. ಇದೇ ಶಾಲೆಯಲ್ಲಿ ಕಲಿತ ನನಗೂ ನನ್ನ ಅಕ್ಕನವರಿಗೂ ಒಂದು ಸೆಪ್ಟೆಂಬರ್ ತಿಂಗಳಲ್ಲಿ ಅಂಥ ಸಂಚಾರವು ಲಭಿಸಿತು. ಅದರಲ್ಲಿ ಕಂಡದ್ದನ್ನೂ ಕಲಿತದ್ದನ್ನೂ, ಮುಂದೆ ಹೋಗತಕ್ಕವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಕೊಲರಾಡೋ ಸಂಸ್ಥಾನದ ಡೆನ್ವರ್ ನಗರದಿಂದ ವಾಯವ್ಯಕ್ಕೆ ಸುಮಾರು 70 ಮೈಲಿ ದೂರದಲ್ಲಿ, ಸಮುದ್ರಮಟ್ಟಕ್ಕೆ 7522 ಅಡಿ ಮೇಲೆ, ಎಸ್ಟಿಸ್ ಪಾರ್ಕ್ ಎಂಬ ಚಿಕ್ಕ ಊರಿದೆ. ಜನಸಂಖ್ಯೆ 6000ದಷ್ಟು. ಇಲ್ಲಿ ‘ಪಾರ್ಕ್’ ಎಂಬ ಶಬ್ದಕ್ಕೆ ಹೂದೋಟವೆಂದು ಅರ್ಥವಲ್ಲ. ಸುತ್ತಲೂ ಪರ್ವತಗಳಿಂದ ಆವೃತವಾದ ಹುಲ್ಲುಗಾವಲಿನ ಕಣಿವೆಗೆ ಆ ಸೀಮೆಯವರು ಹಾಗೆ ಹೇಳುತ್ತಾರೆ. 1859ರಲ್ಲಿ ಈ ಕಣಿವೆಯನ್ನು ಕಂಡು ಅಲ್ಲಿ ಮನೆಮಾಡಿದ ಜೋಯೆಲ್ ಎಸ್ಟಿಸ್ ಎಂಬಾತನಿಂದ ಊರಿಗೆ ಹೆಸರು ಬಂತು. ಚಳಿಗೆ ಸೋತ ಆ ಕುಟುಂಬವು 1866ರಲ್ಲಿಯೇ ಊರು ಬಿಟ್ಟಿತು; ಹೆಸರು ಮಾತ್ರ ಉಳಿಯಿತು.

ಊರಿನ ಪಶ್ಚಿಮಕ್ಕೆ ರಾಕಿ ಪರ್ವತ ರಾಷ್ಟ್ರೀಯ ವನವಿದೆ. ಈನಾಸ್ ಮಿಲ್ಸ್ ಎಂಬ ಪ್ರಕೃತಿಪ್ರಿಯರು ಬಹುಕಾಲ ಉಪನ್ಯಾಸಗಳನ್ನು ಕೊಟ್ಟು, ಲೇಖನಗಳನ್ನು ಬರೆದು, ಜನರ ಮನಸ್ಸನ್ನು ತಿರುಗಿಸಿದ ಫಲವಾಗಿ, 1915ನೆಯ ಜನವರಿ 26ರಂದು ಅಧ್ಯಕ್ಷ ವಿಲ್ಸನ್ನರು ಇದರ ಶಾಸನಕ್ಕೆ ಸಹಿಹಾಕಿದರು. ವನದ ವಿಸ್ತಾರವು ಸುಮಾರು 415 ಚದರ ಮೈಲಿ. ಅದರ ಅತ್ಯುನ್ನತ ಶಿಖರವಾದ ಲಾಂಗ್ಸ್ ಪೀಕ್ 14,259 ಅಡಿ ಎತ್ತರವುಳ್ಳದ್ದು.

ಇನ್ನು ನಮ್ಮ ವಾಹನದ ವಿಷಯ. ಆ ದೇಶದಲ್ಲಿ ‘ಆರ್‌ವಿ’ ಎಂದು ಕರೆಯುವ ವಸತಿವಾಹನವನ್ನು ದಿನಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರಿದ್ದಾರೆ. ನಮ್ಮದು 25 ಅಡಿಗೆ ತುಸು ಕಡಿಮೆ ಉದ್ದದ್ದು. ಒಳಗೆ ಮಂಚಗಳು, ಅನಿಲದ ಒಲೆ, ಶೀತಪೆಟ್ಟಿಗೆ, ಕಿರಿದಾದ ಸ್ನಾನದ ಕೋಣೆ, ಶೌಚಸ್ಥಾನ ಇವೆಲ್ಲ ಇದ್ದವು. ಇಂಥ ಬಂಡಿಯಲ್ಲಿ ನೀರಿಗಾಗಿ ಮೂರು ತೊಟ್ಟಿಗಳಿರುತ್ತವೆ: ಶುದ್ಧಜಲಕ್ಕೆ ಒಂದು, ತೊಳೆದ ನೀರಿಗೆ ಒಂದು, ಶೌಚದ ಮಲಿನಜಲಕ್ಕೆ ಒಂದು. ಕೊನೆಯ ಎರಡನ್ನು ಅದಕ್ಕೆಂದೇ ಏರ್ಪಡಿಸಿದ ಸ್ಥಳದಲ್ಲಿ ಮಾತ್ರ ಬರಿದುಮಾಡಬೇಕು. ಮೊದಲು ಶೌಚದ ತೊಟ್ಟಿ, ಬಳಿಕ ತೊಳೆದ ನೀರಿನದು. ಹೀಗೆ ಮಾಡಿದರೆ ಎರಡನೆಯ ನೀರಿನಿಂದ ಕೊಳವೆಯು ತಾನಾಗಿ ತೊಳೆಯಲ್ಪಡುವುದು. ನೀರನ್ನು ಅಳೆದು ಬಳಸುವ ಅಭ್ಯಾಸವು ಬಾವಿಯಿಂದ ಸೇದಿ ಬೆಳೆದ ನಮಗೆ ಸುಲಭವಾಗಿ ಬಂತು, ಮೊಮ್ಮಕ್ಕಳಿಗೆ ಕಷ್ಟವಾಯಿತು.

ಬಂಡಿ ಹೊರಡುವ ಮುನ್ನ ಕಪಾಟುಗಳ ಚಿಲಕ, ಕಿಟಕಿ, ಮೆಟ್ಟಲು, ಅನಿಲದ ಒಲೆ ಇವುಗಳನ್ನು ನೋಡಿಕೊಳ್ಳಬೇಕು. ಮನೆಯಂತೆ ತೋರಿದರೂ ಓಡುವಾಗ ಅದು ಬಂಡಿಯೇ. ಪ್ರತಿಯೊಬ್ಬರೂ ನಡುಪಟ್ಟಿ ಕಟ್ಟಿಕೊಂಡು ಕುಳಿತಿರತಕ್ಕದ್ದು. ಅಡಿಗೆಯ ವಿಷಯವಾಗಿ ಒಂದು ಮಾತು: ಆ ಎತ್ತರದಲ್ಲಿ ವಾಯುಭಾರವು ಕಡಿಮೆಯಾದ್ದರಿಂದ ನೀರು ಸುಮಾರು 92 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಕುದಿದರೂ ಸಾಕಷ್ಟು ಬಿಸಿಯಾಗದೆ ಬೇಳೆ ಬೇಗ ಬೇಯುವುದಿಲ್ಲ. ಮಗಳು ತಂದಿದ್ದ ಕುಕ್ಕರಿನಿಂದಲೇ ನಮಗೆ ಸಾರು ದೊರೆಯಿತು.

ಊರಿನ ಬೀದಿಗಳು ಇಕ್ಕಟ್ಟಾದ್ದರಿಂದ ಬಂಡಿಯನ್ನು ಬಿಡಾರದ ಸ್ಥಳದಲ್ಲಿ ನಿಲ್ಲಿಸಿ, ಬೇಸಿಗೆಯ ಕಾಲದಲ್ಲಿ ಓಡಾಡುವ ಸಾರ್ವಜನಿಕ ಬಸ್ಸುಗಳಲ್ಲಿ ತಿರುಗುವುದು ಉತ್ತಮ. ವನದೊಳಗಣ ಹಳೆಯ ಫಾಲ್ ರಿವರ್ ರಸ್ತೆಗೆ 25 ಅಡಿಗಿಂತ ಉದ್ದವಾದ ವಾಹನಗಳಿಗೆ ಪ್ರವೇಶವಿಲ್ಲ. ಅದು ಮಣ್ಣಿನ ಕಿರುದಾರಿ, ಏರುಮುಖವಾಗಿ ಮಾತ್ರ ಹೋಗಬೇಕಾದದ್ದು. ಸೆಪ್ಟೆಂಬರಿನಲ್ಲಿ ಎಲ್ಕ್ ಎಂಬ ಮಹಾಜಾತಿಯ ಜಿಂಕೆಗಳು ಊರೊಳಗೂ ಬರುತ್ತವೆ. ಗಂಡುಗಳ ಕೂಗು ಕೊಳಲಿನಂತೆ ಕೇಳಿಸಿದರೂ, ಆಗ ಅವುಗಳಿಗೆ ಮದದ ಕಾಲ. 75 ಅಡಿ ದೂರವಾದರೂ ಇರಬೇಕೆಂದು ವನದ ನಿಯಮ.

ಪರ್ವತದ ಮೇಲೆ ಎಸ್ಟಿಸ್ ಪಾರ್ಕನ್ನೂ ಗ್ರ್ಯಾಂಡ್ ಲೇಕನ್ನೂ ಕೂಡಿಸುವ ಟ್ರೇಲ್ ರಿಡ್ಜ್ ರಸ್ತೆಯು 48 ಮೈಲಿ ಉದ್ದವುಳ್ಳದ್ದು. ಅದರ ಅತ್ಯುನ್ನತ ಸ್ಥಾನ 12,183 ಅಡಿ. ಹಿಮದ ದೆಸೆಯಿಂದ ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ಸಾಮಾನ್ಯವಾಗಿ ತೆರೆದಿರುವುದು. 11,500 ಅಡಿಯ ಮೇಲೆ ಮರಗಳಿಲ್ಲ. ನೆಲಕ್ಕೆ ಅಂಟಿಕೊಂಡ ಪುಟ್ಟ ಗಿಡಗಳು ಮಾತ್ರ. ಅವನ್ನು ತುಳಿದರೆ ಪುನಃ ಬೆಳೆಯಲು ಹಲವು ದಶಕಗಳೇ ಬೇಕು. ರಸ್ತೆಯ ಆಚೆಯ ಭಾಗದಲ್ಲಿ, 10,758 ಅಡಿಯ ಮಿಲ್ನರ್ ಕಣಿವೆದಾರಿಯಲ್ಲಿ, ಭೂಖಂಡದ ಜಲವಿಭಾಜಕವಿದೆ. ಅಲ್ಲಿ ಒಂದು ಪಾರ್ಶ್ವದ ನೀರು ಪೂರ್ವಕ್ಕೂ ಮತ್ತೊಂದು ಪಾರ್ಶ್ವದ್ದು ಪಶ್ಚಿಮಕ್ಕೂ ಹರಿಯುವುದು. ಭೂಗೋಳವನ್ನು ಮೂವತ್ತು ವರ್ಷ ಪಾಠಹೇಳಿದ ಅಕ್ಕನವರಿಗೆ ಆ ಸ್ಥಳವನ್ನು ಕಾಣಬೇಕೆಂಬುದೇ ಪರಮಾಶೆ.

ಊರು ಸೇರಿದ ಮರುದಿನವೇ ಹೊರಟೆವು. ಇದು ನಮ್ಮ ತಪ್ಪು. ಹಿಂದಿನ ರಾತ್ರಿಯೇ ಅಕ್ಕನವರಿಗೆ ತಲೆನೋವು ಬಂದಿತ್ತು; ಮಕ್ಕಳ ಸಂತೋಷಕ್ಕೆ ಭಂಗವಾಗಬಾರದೆಂದು ಅವರು ಬಾಯಿಬಿಡಲಿಲ್ಲ. 12,000 ಅಡಿಯ ಮೇಲಣ ರಾಕ್ ಕಟ್ ಎಂಬಲ್ಲಿ ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅವರ ಕಾಲು ತಡವರಿಸಿತು, ತುಟಿಗಳು ನೀಲಿಗಟ್ಟಿದವು. ಅಷ್ಟು ಎತ್ತರದಲ್ಲಿ ಪ್ರತಿ ಉಸಿರಿಗೂ ದೊರೆಯುವ ಪ್ರಾಣವಾಯುವು ಸಮುದ್ರತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿನಷ್ಟೇ.

“ಇಷ್ಟು ದೂರ ಬಂದಾಯಿತು, ಇನ್ನು ಸ್ವಲ್ಪವೇ ತಾನೆ? ನೋಡಿಕೊಂಡೇ ಹೋಗೋಣ ಕಣೇ,” ಎಂದರು ಅಕ್ಕನವರು.

“ಅಕ್ಕಾ, ನೀರು ಎತ್ತ ಬೇಕಾದರೂ ಹರಿಯಲಿ, ನೀವು ಬಂಡಿ ಹತ್ತಿರಿ,” ಎಂದೆನು. ಹಿಂದೆಂದೂ ಅವರೊಡನೆ ನಾನು ಹಾಗೆ ಗಟ್ಟಿಯಾಗಿ ಮಾತಾಡಿದವಳಲ್ಲ.

ಮುಂದೆ ಹೋದರೆ ಇನ್ನೂ ಕೆಲವು ಮೈಲಿ ಆ ಎತ್ತರದಲ್ಲಿಯೇ ಇರಬೇಕಾಗಿತ್ತು. ವೈದ್ಯರಿರುವ ಊರು ಹಿಂದೆ ಇತ್ತು. ಆದಕಾರಣ ಬಂಡಿಯನ್ನು ತಿರುಗಿಸಿದೆವು. ನಮಗೆಲ್ಲ ಬೇಗನೆ ಇಳಿಯಬೇಕೆಂಬ ಆತುರ. ಆದರೆ ಭಾರವಾದ ಬಂಡಿಯನ್ನು ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿ ಓಡಿಸಿದರೆ ಅದು ಕಾಯ್ದು ಹಿಡಿಯದೆ ಹೋಗುವ ಭಯವುಂಟು. ಅಳಿಯಂದಿರು ಕೆಳಗಿನ ಗೇರಿನಲ್ಲಿ ಎಂಜಿನ್ನಿನಿಂದಲೇ ಬಂಡಿಯನ್ನು ತಡೆಯುತ್ತ ನಿಧಾನವಾಗಿ ಇಳಿಸಿದರು. ಆ ನಿಧಾನವನ್ನು ಸಹಿಸಿಕೊಂಡು ಕುಳಿತಿರುವುದೇ ಆ ದಿನದ ಅತಿ ಕಠಿಣವಾದ ಕಾರ್ಯವಾಗಿತ್ತು. 10,000 ಅಡಿಯ ಕೆಳಗೆ ಬಂದಾಗ ಅಕ್ಕನವರು ಕಣ್ಣು ತೆರೆದು ಮರಗಳ ಹೆಸರು ಕೇಳತೊಡಗಿದರು. ಊರಿನಲ್ಲಿ ವೈದ್ಯರು ಕೆಲವು ತಾಸು ಪ್ರಾಣವಾಯುವನ್ನು ಕೊಟ್ಟು, ವಿಶ್ರಮಿಸಬೇಕೆಂದೂ ಮೇಲಕ್ಕೆ ಹೋಗಬಾರದೆಂದೂ ವಿಧಿಸಿದರು.

ಉಳಿದ ದಿನಗಳನ್ನು ಎಸ್ಟಿಸ್ ಸರೋವರದ ದಡದಲ್ಲಿ ಕಳೆದೆವು. ಅಲ್ಲಿ ಓದುತ್ತಿರುವಾಗ ಅಕ್ಕನವರಿಗೆ ಎರಡು ಸಂಗತಿಗಳು ದೊರೆತವು. ಮೊದಲನೆಯದು, ಇಸಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆಯ ವೃತ್ತಾಂತ. ದುರ್ಬಲ ದೇಹದ ಈಕೆ 1873ರಲ್ಲಿ ಕುದುರೆಯೇರಿ ಈ ಕಣಿವೆಗೆ ಬಂದು, ಲಾಂಗ್ಸ್ ಪೀಕನ್ನು ಏರಿದರು. ಮಾರ್ಗದರ್ಶಕನು ಎಳೆದು ಹತ್ತಿಸದಿದ್ದರೆ ತನ್ನಿಂದಾಗುತ್ತಿರಲಿಲ್ಲವೆಂದು ತಮ್ಮ ಪುಸ್ತಕದಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಂಡರು. ಮುಂದೆ ನಮ್ಮ ದೇಶಕ್ಕೂ ಬಂದು, ಗಂಡನ ನೆನಪಿಗಾಗಿ ಕಾಶ್ಮೀರದಲ್ಲಿಯೂ ತಂಗಿಯ ನೆನಪಿಗಾಗಿ ಅಮೃತಸರದಲ್ಲಿಯೂ ಆಸ್ಪತ್ರೆಗಳನ್ನು ಸ್ಥಾಪಿಸಿದರು. 1892ರಲ್ಲಿ ಲಂಡನ್ನಿನ ರಾಯಲ್ ಭೂಗೋಳ ಸಂಘಕ್ಕೆ ಸದಸ್ಯರಾಗಿ ಆಯ್ಕೆಯಾದ ಮೊದಲ ಸ್ತ್ರೀಯರಲ್ಲಿ ಈಕೆಯೂ ಒಬ್ಬರು. “ತನಗಾಗದ್ದನ್ನು ಆಗದೆಂದು ಹೇಳಿಕೊಳ್ಳುವುದಕ್ಕೂ ಧೈರ್ಯ ಬೇಕು. ನಾನು ಮೊದಲ ರಾತ್ರಿಯೇ ಹೇಳಬೇಕಾಗಿತ್ತು,” ಎಂದರು ಅಕ್ಕನವರು.

ಎರಡನೆಯದು, ಆ ಸರೋವರದ ನೀರಿನ ವಿಷಯ. ಪರ್ವತದ ಪಶ್ಚಿಮ ಪಾರ್ಶ್ವದ ನೀರನ್ನು ಪೂರ್ವದ ಹೊಲಗಳಿಗೆ ತರಲು, ಜಲವಿಭಾಜಕದ ಅಡಿಯಲ್ಲಿಯೇ 13 ಮೈಲಿ ಉದ್ದದ ಆಡಮ್ಸ್ ಸುರಂಗವನ್ನು ಕೊರೆದಿದ್ದಾರೆ. 1947ರಿಂದ ಅದರೊಳಗೆ ನೀರು ಹರಿಯುತ್ತಿದ್ದು, ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ ಎಸ್ಟಿಸ್ ಸರೋವರವನ್ನು ಸೇರುತ್ತದೆ. ತಾವು ಏರಿ ನೋಡಲಾರದ ಆ ಆಚೆಯ ಕಡೆಯ ನೀರೇ ಬೆಟ್ಟದ ಹೊಟ್ಟೆಯೊಳಗಿಂದ ತಮ್ಮ ಪಾದದ ಬಳಿಗೆ ಬಂದಿರುವುದನ್ನು ತಿಳಿದು ಅಕ್ಕನವರು ಮಗುವಿನಂತೆ ಹಿಗ್ಗಿದರು.

ಆದುದರಿಂದ ಸಹೋದರಿಯರೇ, ಮಕ್ಕಳು ಕರೆದರೆ ತಪ್ಪದೆ ಹೋಗಿರಿ. ಊರಿನಲ್ಲಿ ಎರಡು ಮೂರು ದಿನ ತಂಗಿ ದೇಹವನ್ನು ಹದಗೊಳಿಸಿಕೊಂಡ ಮೇಲೆ ಏರಿರಿ. ನೀರನ್ನು ಧಾರಾಳವಾಗಿ ಕುಡಿಯಿರಿ. ಮಧ್ಯಾಹ್ನದ ಸಿಡಿಲಿಗೆ ಮೊದಲು ಇಳಿದುಬನ್ನಿರಿ. ತಲೆ ನೊಂದರೆ ಆ ಕ್ಷಣವೇ ಹೇಳಿರಿ. ತಂದೆತಾಯಿಗಳನ್ನು ಕರೆದೊಯ್ಯುವ ಮಕ್ಕಳಿಗೂ ಒಂದು ಬಿನ್ನಹ: ಅವರು ‘ಏನೂ ಇಲ್ಲ’ ಎಂದಾಗ ಇನ್ನೊಮ್ಮೆ ಕೇಳಿರಿ.