ಮೂಲೆ ಹಿಡಿದ ಮುದಿ ಬೆಕ್ಕು

ಹಾಲು ಕಂಡೊಡನೆ ಹೆದರಿ ಓಡಿದ ಬೆಕ್ಕಿನ ಕಥೆ ತೆನಾಲಿ ರಾಮಕೃಷ್ಣನ ಹೆಸರಿನೊಂದಿಗೆ ಸೇರಿ ಕನ್ನಡದ ಮಕ್ಕಳಿಗೆಲ್ಲ ಪರಿಚಿತ. ಆಸ್ಥಾನದಲ್ಲಿದ್ದವರು ಆ ಬೆಕ್ಕಿಗೆ ಹಾಲೇ ಸೇರದು ಎಂದುಕೊಂಡರು. ಬಿಸಿ ಹಾಲಿಗೆ ಬಾಯಿಟ್ಟು ಅದರ ನಾಲಿಗೆ ಸುಟ್ಟಿತ್ತು ಎಂಬುದು ರಾಮಕೃಷ್ಣನೊಬ್ಬನಿಗೇ ಗೊತ್ತಿತ್ತು. ಕಥೆ ನಗಿಸುತ್ತದೆ, ನಿಜ. ಆದರೆ ಅದರೊಳಗೆ ಒಂದು ವಿಜ್ಞಾನದ ಮಾತೂ ಇದೆ. ಬೆಕ್ಕು ಆಹಾರ ಬಿಟ್ಟಿತೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ನೋಡುವವರ ಕಣ್ಣಿಗೆ ಬೀಳದಿರಬಹುದು, ಅಷ್ಟೆ.

ಹತ್ತು ಹನ್ನೆರಡು ವರ್ಷ ಮನೆಯ ಇಲಿ ಹಿಡಿದು, ಓದುವ ಮಕ್ಕಳ ಪುಸ್ತಕದ ಮೇಲೆ ಮಲಗಿ ಕಾಲ ಕಳೆದ ಬೆಕ್ಕು ಒಂದು ದಿನ ಬಟ್ಟಲಿನ ಬಳಿ ಬಂದು, ಮೂಸಿ, ಹಿಂದೆ ಸರಿಯುತ್ತದೆ. ಮಂಚದ ಅಡಿಯಲ್ಲೋ ಅಕ್ಕಿ ಮೂಟೆಯ ಹಿಂದೆಯೋ ಹೋಗಿ ಮುದುಡಿ ಕೂಡುತ್ತದೆ. ‘ವಯಸ್ಸಾಯಿತಲ್ಲ, ಇನ್ನೇನು’ ಎಂದು ಹಿರಿಯರು ಸುಮ್ಮನಾಗುತ್ತಾರೆ. ವಯಸ್ಸು ರೋಗಕ್ಕೆ ದಾರಿ ಮಾಡಿಕೊಡಬಹುದು. ಆದರೆ ವಯಸ್ಸೇ ರೋಗವಲ್ಲ. ಹೀಗೆ ಮೂಲೆ ಹಿಡಿದ ಬೆಕ್ಕುಗಳಲ್ಲಿ ಎಷ್ಟೋ ಜೀರ್ಣಾಂಗಗಳ ತೊಂದರೆಯಿಂದ ನರಳುತ್ತಿರುತ್ತವೆ. ಅಂಥ ತೊಂದರೆಗಳಲ್ಲಿ ಮುಖ್ಯವಾದದ್ದು, ಸುಲಭವಾಗಿ ಪತ್ತೆಯಾಗದ್ದು, ಮೇದೋಜೀರಕ ಗ್ರಂಥಿಯ ಉರಿಯೂತ. ವೈದ್ಯರ ಮಾತಿನಲ್ಲಿ ಪ್ಯಾಂಕ್ರಿಯಾಟೈಟಿಸ್.

ಬೆಕ್ಕಿನ ವಯಸ್ಸಿನ ಲೆಕ್ಕ

ಬೆಕ್ಕಿನ ಮೊದಲ ವರ್ಷ ಮನುಷ್ಯನ 15 ವರ್ಷಕ್ಕೆ ಸಮ ಎಂದು ಸ್ಥೂಲವಾಗಿ ಹೇಳುತ್ತಾರೆ. ಎರಡನೆಯ ವರ್ಷ ಮುಗಿಯುವಾಗ ಅದು 24ರ ತರುಣ. ಆನಂತರದ ಪ್ರತಿ ವರ್ಷಕ್ಕೂ ನಾಲ್ಕು ಕೂಡಿಸುತ್ತ ಹೋಗಬೇಕು. ಈ ಲೆಕ್ಕದಲ್ಲಿ 10 ವರ್ಷದ ಬೆಕ್ಕಿಗೆ ನಮ್ಮ 56, 15 ವರ್ಷದ ಬೆಕ್ಕಿಗೆ 76. ಹತ್ತು ದಾಟಿದ ಬೆಕ್ಕನ್ನು ಪಶುವೈದ್ಯರು ಹಿರಿಯ ಬೆಕ್ಕು ಎಂದೇ ಪರಿಗಣಿಸುತ್ತಾರೆ. ಮನುಷ್ಯರಿಗೆ ಆರು ತಿಂಗಳೆಂದರೆ ದೊಡ್ಡ ಅವಧಿಯಲ್ಲ. ಬೆಕ್ಕಿಗೆ ಅದು ಎರಡು ವರ್ಷವಿದ್ದಂತೆ. ಆದ್ದರಿಂದ ಅದರ ದೇಹದಲ್ಲಿ ಆಗುವ ಬದಲಾವಣೆಗಳೂ ವೇಗವಾಗಿಯೇ ನಡೆಯುತ್ತವೆ.

ತನ್ನನ್ನೇ ಅರಗಿಸಿಕೊಳ್ಳುವ ಗ್ರಂಥಿ

ಜಠರದ ಕೆಳಗೆ, ಸಣ್ಣ ಕರುಳಿನ ಮೊದಲ ಭಾಗಕ್ಕೆ ಅಂಟಿಕೊಂಡಂತೆ ಇರುವ ಮೇದೋಜೀರಕ ಗ್ರಂಥಿಗೆ ಎರಡು ಕೆಲಸ. ಒಂದು, ಇನ್ಸುಲಿನ್ ಮುಂತಾದ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು. ಇನ್ನೊಂದು, ಪ್ರೋಟೀನು, ಕೊಬ್ಬು, ಪಿಷ್ಟಗಳನ್ನು ಒಡೆಯುವ ಕಿಣ್ವಗಳನ್ನು ಕರುಳಿಗೆ ಕಳಿಸುವುದು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಗ್ರಂಥಿಯೂ ಪ್ರೋಟೀನಿನಿಂದಲೇ ಆದದ್ದು. ಮಾಂಸವನ್ನೇ ಕರಗಿಸುವ ಕಿಣ್ವ ತನ್ನನ್ನು ತಯಾರಿಸಿದ ಗ್ರಂಥಿಯನ್ನೇಕೆ ಕರಗಿಸುವುದಿಲ್ಲ? ಪ್ರಕೃತಿ ಇದಕ್ಕೊಂದು ಉಪಾಯ ಮಾಡಿದೆ. ಮನೆಯಲ್ಲಿ ಬೆಂಕಿಪೊಟ್ಟಣವನ್ನೂ ಸೀಮೆಎಣ್ಣೆಯನ್ನೂ ದೂರ ದೂರ ಇಡುತ್ತಿದ್ದರಲ್ಲ, ಹಾಗೆ. ಗ್ರಂಥಿ ತಯಾರಿಸುವುದು ಟ್ರಿಪ್ಸಿನ್ ಎಂಬ ಚುರುಕು ಕಿಣ್ವವನ್ನಲ್ಲ, ಟ್ರಿಪ್ಸಿನೋಜೆನ್ ಎಂಬ ಅದರ ನಿಷ್ಕ್ರಿಯ ರೂಪವನ್ನು. ಇದು ನಾಳದ ಮೂಲಕ ಕರುಳನ್ನು ತಲುಪಿದ ಮೇಲೆ, ಕರುಳಿನ ಒಳಗೋಡೆಯಲ್ಲಿರುವ ಎಂಟರೊಕೈನೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಎಚ್ಚರಗೊಳಿಸುತ್ತದೆ. ಎಚ್ಚೆತ್ತ ಟ್ರಿಪ್ಸಿನ್ ಉಳಿದ ಕಿಣ್ವಗಳನ್ನೂ ಎಬ್ಬಿಸುತ್ತದೆ.

ಕೆಲವೊಮ್ಮೆ ಈ ಏರ್ಪಾಡು ಕೆಡುತ್ತದೆ. ಕಿಣ್ವಗಳು ಗ್ರಂಥಿಯ ಒಳಗೇ ಎಚ್ಚೆತ್ತು, ಗ್ರಂಥಿಯನ್ನೇ ಅರಗಿಸತೊಡಗುತ್ತವೆ. ಗ್ರಂಥಿ ಊದಿಕೊಳ್ಳುತ್ತದೆ, ನೋಯುತ್ತದೆ. ತೀವ್ರವಾದರೆ ವಿಷಪದಾರ್ಥಗಳು ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ. ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹುಮಟ್ಟಿಗೆ ಮಂದಗತಿಯಲ್ಲಿ, ತಿಂಗಳುಗಟ್ಟಲೆ ಒಳಗೊಳಗೇ ನಡೆಯುತ್ತದೆ. ಗ್ರಂಥಿಯ ಜೀವಕೋಶಗಳು ನಾಶವಾಗಿ ಅಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಕೊನೆಗೆ ಕಿಣ್ವಗಳ ಕೊರತೆಯಾಗಬಹುದು, ಸಕ್ಕರೆ ಕಾಯಿಲೆಯೂ ಬರಬಹುದು.

ನಾಯಿಯ ಪಾಠ ಬೆಕ್ಕಿಗೆ ಒಪ್ಪದು

ಜೀರ್ಣಕ್ರಿಯೆಯ ಬಗ್ಗೆ ನಮಗಿರುವ ತಿಳಿವಳಿಕೆಗೆ ನಾಯಿಗಳ ಋಣ ದೊಡ್ಡದು. ರಷ್ಯದ ಇವಾನ್ ಪಾವ್ಲೋವ್ ನಾಯಿಗಳ ಮೇಲೆ ನಡೆಸಿದ ಜೀರ್ಣರಸಗಳ ಅಧ್ಯಯನಕ್ಕೆ 1904ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ನಾಯಿಯಲ್ಲಿ ಕಂಡದ್ದನ್ನು ಬೆಕ್ಕಿಗೂ ಅನ್ವಯಿಸಿದರೆ ಎಡವಬೇಕಾಗುತ್ತದೆ. ಈ ಉರಿಯೂತ ಬಂದ ನಾಯಿ ಸಾಮಾನ್ಯವಾಗಿ ಪದೇ ಪದೇ ವಾಂತಿ ಮಾಡುತ್ತದೆ. ಜಿಡ್ಡಿನ ಊಟ ಉಂಡ ಮೇಲೆ ಹೀಗಾಗುವುದೂ ಉಂಟು. ಬೆಕ್ಕಿನಲ್ಲಿ ಹಾಗಲ್ಲ. ವಾಂತಿಯೇ ಇಲ್ಲದೆ ರೋಗ ಇರಬಹುದು. ಹೆಚ್ಚಿನ ಬೆಕ್ಕುಗಳಲ್ಲಿ ಇದಕ್ಕೆ ಖಚಿತ ಕಾರಣವೂ ಸಿಗುವುದಿಲ್ಲ. ಆದ್ದರಿಂದ ‘ಏನು ತಿನ್ನಿಸಿಬಿಟ್ಟೆವೋ’ ಎಂದು ಮನೆಯವರು ತಮ್ಮನ್ನು ತಾವೇ ದೂರಿಕೊಳ್ಳಬೇಕಾಗಿಲ್ಲ.

ಒಂದೇ ಬಾಗಿಲು, ಮೂರು ಮನೆ

ಬೆಕ್ಕಿನ ದೇಹರಚನೆಯಲ್ಲೂ ಒಂದು ವಿಶೇಷವಿದೆ. ಹೆಚ್ಚಿನ ಬೆಕ್ಕುಗಳಲ್ಲಿ ಮೇದೋಜೀರಕ ನಾಳವು ಯಕೃತ್ತಿನಿಂದ ಬರುವ ಪಿತ್ತನಾಳದ ಜೊತೆ ಸೇರಿಕೊಂಡು, ಒಂದೇ ದ್ವಾರದ ಮೂಲಕ ಸಣ್ಣ ಕರುಳಿಗೆ ತೆರೆದುಕೊಳ್ಳುತ್ತದೆ. ಮೂರು ಮನೆಗೆ ಒಂದೇ ಬಾಗಿಲು ಇದ್ದಂತೆ. ಒಂದರಲ್ಲಿ ಹೊಗೆ ಎದ್ದರೆ ಉಳಿದೆರಡಕ್ಕೂ ಹರಡಲು ದಾರಿ ಇದೆ. ಕರುಳು, ಪಿತ್ತನಾಳಗಳು, ಮೇದೋಜೀರಕ ಗ್ರಂಥಿ ಈ ಮೂರರಲ್ಲೂ ಒಟ್ಟಿಗೇ ಉರಿಯೂತ ಕಾಣಿಸಿಕೊಂಡರೆ ಅದಕ್ಕೆ ಟ್ರಯಡೈಟಿಸ್ ಎಂದು ಹೆಸರು.

ಈ ರೋಗ ಅಪರೂಪದ್ದೇನಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಕಾರಣಗಳಿಂದ ಸತ್ತ 115 ಬೆಕ್ಕುಗಳ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಲಾಯಿತು. ಶೇಕಡಾ 67ರಲ್ಲಿ ಉರಿಯೂತದ ಗುರುತುಗಳಿದ್ದವು. ಬದುಕಿದ್ದಾಗ ಆರೋಗ್ಯವಾಗಿಯೇ ಕಾಣುತ್ತಿದ್ದ ಬೆಕ್ಕುಗಳಲ್ಲೂ ಶೇಕಡಾ 45ರಲ್ಲಿ ಈ ಗುರುತು ಇತ್ತು. ಇದರಿಂದ ಎರಡು ಸಂಗತಿ ಹೊರಡುತ್ತವೆ. ಸಣ್ಣ ಪ್ರಮಾಣದ ಉರಿಯೂತ ಬಹಳ ಬೆಕ್ಕುಗಳಲ್ಲಿದ್ದು, ಅವುಗಳಿಗೆ ಅದರಿಂದ ದೊಡ್ಡ ತೊಂದರೆಯಾಗದಿರಬಹುದು. ಹಾಗೆಯೇ ತೊಂದರೆಯಾದಾಗಲೂ ಅದು ಯಾರ ಗಮನಕ್ಕೂ ಬರದೆ ಹೋಗಬಹುದು.

ಬಾಯಿಲ್ಲದ ಪ್ರಾಣಿಯ ನೋವು

ಬೆಕ್ಕು ಬೇಟೆಗಾರ, ಜೊತೆಗೆ ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯಾಗಬಲ್ಲ ಚಿಕ್ಕ ಜೀವಿ. ನೋವನ್ನು ತೋರಿಸಿಕೊಂಡರೆ ಶತ್ರುವಿಗೆ ಸುಳಿವು ಕೊಟ್ಟಂತೆ. ಆದ್ದರಿಂದ ಅದು ನರಳಿ ಕೂಗುವುದು ಕಡಿಮೆ. ಮನೆಯವರು ಗಮನಿಸಬೇಕಾದದ್ದು ಈ ಸಣ್ಣ ಬದಲಾವಣೆಗಳನ್ನು:

ಊಟ ಬಿಡುವುದು ಅಥವಾ ಮೂಸಿ ಹಿಂದೆ ಸರಿಯುವುದು. ತೂಕ ಇಳಿಯುವುದು. ಜಿಗಿಯುತ್ತಿದ್ದ ಕಟ್ಟೆಗೆ ಜಿಗಿಯದಿರುವುದು. ಮೈ ನೆಕ್ಕಿಕೊಳ್ಳದೆ ತುಪ್ಪಳ ಕೆದರಿ ಗಂಟಾಗುವುದು. ಬೆನ್ನು ಗೂನಿಸಿ, ಕಾಲು ಮಡಚಿ ಕೂತೇ ಇರುವುದು. ಆಗಾಗ ವಾಂತಿ ಅಥವಾ ಭೇದಿ. ವಸಡು, ಕಿವಿಯ ಒಳಭಾಗ ಹಳದಿಗೆ ತಿರುಗುವುದು.

ಬೆಕ್ಕಿನ ಮುಖ ನೋಡಿ ನೋವನ್ನು ಅಳೆಯುವ ಒಂದು ವಿಧಾನವನ್ನು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಜ್ಞರು 2019ರಲ್ಲಿ ಪ್ರಕಟಿಸಿದರು. ಕಿವಿಯ ನಿಲುವು, ಕಣ್ಣಿನ ಕಿರಿದಾಗುವಿಕೆ, ಮೂತಿಯ ಬಿಗಿತ, ಮೀಸೆಯ ದಿಕ್ಕು, ತಲೆಯ ಎತ್ತರ, ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂದರೆ ಬೆಕ್ಕಿಗೆ ನೋವು ನಿವಾರಕ ಬೇಕಾಗಿದೆ ಎಂದು ಅರ್ಥ. ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಬಂದರೆ ಸಂತೋಷಪಡುವ ವಿದ್ಯಾರ್ಥಿಗಳು ಈ ಒಂದು ಪರೀಕ್ಷೆಯಲ್ಲಿ ಮಾತ್ರ ಸೊನ್ನೆಯನ್ನು ಬಯಸಬೇಕು!

ಮಕ್ಕಳು ಮಾಡಬಹುದಾದ ಇನ್ನೊಂದು ಕೆಲಸವಿದೆ. ಬೆಕ್ಕನ್ನು ಒಂದು ಬುಟ್ಟಿಯಲ್ಲಿ ಕೂರಿಸಿ ವಾರಕ್ಕೊಮ್ಮೆ ತೂಗಿ, ಬುಟ್ಟಿಯ ತೂಕ ಕಳೆದು, ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ನಾಲ್ಕು ಕೆ.ಜಿ. ಬೆಕ್ಕು 400 ಗ್ರಾಂ ಕಳೆದುಕೊಂಡರೆ ಕಣ್ಣಿಗೆ ಗೊತ್ತಾಗದು. ಆದರೆ ಅದು ದೇಹದ ತೂಕದ ಹತ್ತನೆಯ ಒಂದು ಭಾಗ. ಅರವತ್ತು ಕೆ.ಜಿ. ಮನುಷ್ಯ ಆರು ಕೆ.ಜಿ. ಇಳಿದರೆ ಮನೆಯವರು ಸುಮ್ಮನಿರುತ್ತಾರೆಯೇ?

ಲಂಘನ ಇಲ್ಲಿ ಔಷಧವಲ್ಲ

ಹೊಟ್ಟೆ ಕೆಟ್ಟರೆ ಒಂದೆರಡು ಹೊತ್ತು ಉಪವಾಸ ಹಾಕುವುದು ನಮ್ಮ ಮನೆಗಳ ರೂಢಿ. ‘ಲಂಘನಂ ಪರಮೌಷಧಂ’ ಎಂಬ ಮಾತೇ ಇದೆ. ಬೆಕ್ಕಿಗೆ ಈ ಮಾತು ಸಲ್ಲದು. ಅದರಲ್ಲೂ ದಪ್ಪಗಿರುವ ಬೆಕ್ಕು ಕೆಲವು ದಿನ ಉಪವಾಸವಿದ್ದರೆ, ದೇಹದ ಕೊಬ್ಬೆಲ್ಲ ಕರಗಿ ಯಕೃತ್ತಿಗೆ ಬಂದು ತುಂಬಿಕೊಳ್ಳುತ್ತದೆ. ಅಷ್ಟನ್ನು ನಿಭಾಯಿಸಲಾರದೆ ಯಕೃತ್ತು ಸೋಲುತ್ತದೆ, ಕಾಮಾಲೆ ಬರುತ್ತದೆ. ಮೊದಲಿನ ರೋಗಕ್ಕಿಂತ ಇದೇ ಮಾರಕವಾಗಬಹುದು. ಆದ್ದರಿಂದ ಮುದಿ ಬೆಕ್ಕು ಒಂದು ಹಗಲು ಒಂದು ರಾತ್ರಿ ಏನೂ ತಿನ್ನದಿದ್ದರೆ ಮಾರನೆಯ ದಿನವೇ ಪಶುವೈದ್ಯರಲ್ಲಿಗೆ ಹೋಗಬೇಕು. ಪದೇ ಪದೇ ವಾಂತಿ, ಹಳದಿ ವಸಡು, ಮೈ ತಣ್ಣಗಾಗುವುದು, ಬಾಯಿ ತೆರೆದು ಉಸಿರಾಡುವುದು ಇವುಗಳಲ್ಲಿ ಯಾವುದು ಕಂಡರೂ ಒಂದು ಗಂಟೆಯನ್ನೂ ಕಾಯಬಾರದು.

ಮನೆಯಲ್ಲಿರುವ ಮಾತ್ರೆ ಕೊಡುವುದಂತೂ ಸರ್ವಥಾ ಕೂಡದು. ಮನುಷ್ಯರ ಜ್ವರ, ನೋವಿಗೆ ಬಳಸುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ನಿರುಪದ್ರವಿಯಾಗಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಸಾಕಷ್ಟು ಇಲ್ಲ. ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ವೈದ್ಯರಲ್ಲಿಗೆ ಹೋದಾಗ

ಮುದಿ ಬೆಕ್ಕಿನ ತೂಕ ಇಳಿಯಲು ಬೇರೆ ಕಾರಣಗಳೂ ಇವೆ. ಮೂತ್ರಪಿಂಡ ಸೋತಿರಬಹುದು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು. ಆಗ ಬೆಕ್ಕು ಚೆನ್ನಾಗಿ ತಿನ್ನುತ್ತಲೇ ಸೊರಗುತ್ತದೆ. ಸಕ್ಕರೆ ಕಾಯಿಲೆ, ಕರುಳಿನ ದೀರ್ಘಕಾಲದ ಉರಿಯೂತ, ಕರುಳಿನ ಕ್ಯಾನ್ಸರ್, ಹಲ್ಲು ನೋವು ಇವೂ ಸಾಧ್ಯ. ಆದ್ದರಿಂದ ವೈದ್ಯರು ರಕ್ತಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಲು ಹೇಳಬಹುದು. ಮೇದೋಜೀರಕ ಗ್ರಂಥಿಯಿಂದಲೇ ಬರುವ ಲೈಪೇಸ್ ಕಿಣ್ವವನ್ನು ಅಳೆಯುವ ಪ್ರತ್ಯೇಕ ರಕ್ತಪರೀಕ್ಷೆಯೂ ಇದೆ. ಈ ಸೌಲಭ್ಯಗಳು ಎಲ್ಲ ಊರಿನಲ್ಲೂ ಇರುವುದಿಲ್ಲ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಹತ್ತಿರವಿರುವವರು ಅಲ್ಲಿನ ಚಿಕಿತ್ಸಾಲಯಗಳಲ್ಲಿ ವಿಚಾರಿಸಬಹುದು. ನೋಟ್‌ಬುಕ್ಕಿನ ತೂಕದ ಪಟ್ಟಿ, ಯಾವ ದಿನ ಎಷ್ಟು ತಿಂದಿತು, ಎಷ್ಟು ಸಲ ವಾಂತಿಯಾಯಿತು ಎಂಬ ವಿವರ ಜೊತೆಗಿದ್ದರೆ ವೈದ್ಯರ ಕೆಲಸ ಅರ್ಧ ಹಗುರವಾಗುತ್ತದೆ.

ಉರಿಯೂತವನ್ನು ಒಮ್ಮೆಲೇ ಆರಿಸುವ ಔಷಧ ಬೆಕ್ಕಿಗೆ ಇಲ್ಲ. ದೇಹ ತಾನಾಗಿ ಚೇತರಿಸಿಕೊಳ್ಳುವವರೆಗೆ ಅದಕ್ಕೆ ಆಸರೆ ಕೊಡುವುದೇ ಚಿಕಿತ್ಸೆ. ನಿರ್ಜಲೀಕರಣಕ್ಕೆ ಡ್ರಿಪ್, ನೋವಿಗೆ ಬೆಕ್ಕಿಗೆ ಒಗ್ಗುವ ಔಷಧ, ಓಕರಿಕೆ ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ತಾನಾಗಿ ತಿನ್ನದಿದ್ದರೆ ಮೂಗಿನ ಅಥವಾ ಅನ್ನನಾಳದ ಮೂಲಕ ಸಣ್ಣ ಕೊಳವೆ ಹಾಕಿ ದ್ರವಾಹಾರ ಕೊಡುತ್ತಾರೆ. ಕೊಳವೆ ಎಂದೊಡನೆ ಗಾಬರಿಯಾಗಬೇಕಿಲ್ಲ. ಎಷ್ಟೋ ಬೆಕ್ಕುಗಳ ಜೀವ ಉಳಿಸುವುದು ಅದೇ. ಬಿ12 ಜೀವಸತ್ವದ ಚುಚ್ಚುಮದ್ದೂ ಬೇಕಾಗಬಹುದು. ಆ ಜೀವಸತ್ವವನ್ನು ಹೀರಿಕೊಳ್ಳಲು ನೆರವಾಗುವ ಪ್ರೋಟೀನು ಮನುಷ್ಯರ ಜಠರದಲ್ಲಿ ತಯಾರಾದರೆ, ಬೆಕ್ಕುಗಳಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುತ್ತದೆ. ಗ್ರಂಥಿ ಕೆಟ್ಟಾಗ ಬಿ12 ಕಡಿಮೆಯಾಗುವುದು ಸಹಜ.

ಮನೆಯ ಆರೈಕೆ

ವೈದ್ಯರು ಮನೆಗೆ ಕಳಿಸಿದ ಮೇಲೆ ಊಟವನ್ನು ದಿನಕ್ಕೆ ಎರಡು ಸಲದ ಬದಲು ನಾಲ್ಕೈದು ಸಲ, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಉಗುರುಬೆಚ್ಚಗಿದ್ದರೆ ವಾಸನೆ ಹರಡಿ ಬೆಕ್ಕು ಬಾಯಿ ಹಾಕುತ್ತದೆ. ಮೂಳೆ ಮುಳ್ಳು ತೆಗೆದು, ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ ಅಥವಾ ಮೀನು ಕೆಲವು ದಿನಕ್ಕೆ ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಳೆದ ಬೆಕ್ಕಿಗೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದಿರುವುದರಿಂದ ಹಾಲು ಕೊಟ್ಟರೆ ಭೇದಿ ಹೆಚ್ಚಬಹುದು. ನೀರಿನ ಬಟ್ಟಲನ್ನು ಮನೆಯ ಎರಡು ಮೂರು ಕಡೆ ಇಡಬೇಕು. ಬಾಯಿಗೆ ಬಲವಂತವಾಗಿ ತುರುಕಬಾರದು. ಆಹಾರ ಶ್ವಾಸನಾಳಕ್ಕೆ ಹೋಗಬಹುದು; ಬೆಕ್ಕಿಗೆ ಆ ಆಹಾರವೆಂದರೇ ಜುಗುಪ್ಸೆಯೂ ಹುಟ್ಟಬಹುದು.

ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕು ಮೊಸರನ್ನ ತಿಂದು, ಹೊರಗೆ ಇಲಿ, ಹಲ್ಲಿ ಹಿಡಿದು ಸರಿತೂಗಿಸಿಕೊಳ್ಳುತ್ತದೆ. ಮುಪ್ಪಿನಲ್ಲಿ ಬೇಟೆ ನಿಂತಾಗ ಮೊಸರನ್ನವೊಂದೇ ಉಳಿಯುತ್ತದೆ. ಬೆಕ್ಕು ಮಾಂಸಾಹಾರಿಯಾಗಿಯೇ ಹುಟ್ಟಿದ ಪ್ರಾಣಿ. ಅದಕ್ಕೆ ಬೇಕಾದ ಟಾರಿನ್ ಎಂಬ ಪದಾರ್ಥ ಅನ್ನದಲ್ಲಿ ಇಲ್ಲ. ಅಂಥ ಮನೆಯವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಸಿದ್ಧ ಆಹಾರವನ್ನು ವೈದ್ಯರನ್ನು ಕೇಳಿ ಆರಿಸಿಕೊಳ್ಳಬಹುದು.

ಸೌಮ್ಯ ರೂಪದ ಉರಿಯೂತವಿರುವ ಬೆಕ್ಕುಗಳು ಆಗಾಗ ಕೆಡುತ್ತ, ಸುಧಾರಿಸುತ್ತ ವರ್ಷಗಟ್ಟಲೆ ಬದುಕುತ್ತವೆ. ತೀವ್ರ ರೂಪದಲ್ಲಿ ಎಷ್ಟು ಮಾಡಿದರೂ ಕೆಲವು ಉಳಿಯುವುದಿಲ್ಲ. ನೋವು ನಿಲ್ಲಿಸಲಾಗದ ಹಂತ ಬಂದಾಗ ವೈದ್ಯರು ಶಾಂತಿಯುತ ಮರಣದ ಮಾತನ್ನೂ ಎತ್ತಬಹುದು. ಆಗ ತಂದೆತಾಯಿ ‘ಬೆಕ್ಕು ಎಲ್ಲೋ ಹೋಯಿತು’ ಎಂದು ಮಕ್ಕಳಿಗೆ ಸುಳ್ಳು ಹೇಳದಿರುವುದು ಲೇಸು. ಹೋದ ಬೆಕ್ಕಿಗಾಗಿ ಮಗು ಬಾಗಿಲಲ್ಲಿ ಕಾಯುತ್ತದೆ. ನಿಜ ತಿಳಿದ ಮಗು ಅಳುತ್ತದೆ, ಕೆಲವು ದಿನ ಊಟ ಸೇರದೆ ಕೂಡುತ್ತದೆ, ಆಮೇಲೆ ಸಮಾಧಾನಗೊಳ್ಳುತ್ತದೆ. ಅದಕ್ಕಾಗಿ ಏನೇನು ಮಾಡಿದೆವು ಎಂಬುದು ನೋಟ್‌ಬುಕ್ಕಿನಲ್ಲಿ ಮಗುವಿನ ಕೈಬರಹದಲ್ಲೇ ಉಳಿದಿರುತ್ತದೆ.