ಕೋಶಕೇಂದ್ರದ ಹೊಸ್ತಿಲು: ಸಂದೇಶವಾಹಕ ಆರ್‌ಎನ್‌ಎಯ ಪರಿಷ್ಕರಣ ಮತ್ತು ನಿರ್ಗಮನ

ಜೀವಕೋಶದ ಆನುವಂಶಿಕ ಮಾಹಿತಿಯ ಬಹುಪಾಲು ಕೋಶಕೇಂದ್ರದ ಡಿಎನ್‌ಎಯಲ್ಲಿದೆ. ಅದರಂತೆ ಪ್ರೋಟೀನುಗಳನ್ನು ಕಟ್ಟುವ ರೈಬೋಸೋಮುಗಳು ಹೊರಗಿನ ಕೋಶದ್ರವ್ಯದಲ್ಲಿವೆ. ಇವೆರಡನ್ನೂ ಬೆಸೆಯುವುದು ಸಂದೇಶವಾಹಕ ಆರ್‌ಎನ್‌ಎ. ಆದರೆ ಡಿಎನ್‌ಎಯಿಂದ ನಕಲುಗೊಂಡ ಪ್ರತಿಯು ಇದ್ದ ಹಾಗೆಯೇ ಹೊರಡುವುದಿಲ್ಲ. ಅದು ಮೊದಲು ಪರಿಷ್ಕರಣಕ್ಕೆ ಒಳಗಾಗಿ, ಅನಂತರ ಕೇಂದ್ರದ ಹೊಸ್ತಿಲನ್ನು ದಾಟಬೇಕು.

ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು 1977ರಲ್ಲಿ ಅಡೆನೊವೈರಸ್‌ನ ಅಧ್ಯಯನದಿಂದ ವಂಶವಾಹಿಯು ತುಂಡುತುಂಡಾಗಿ ಇರಬಲ್ಲುದೆಂಬುದನ್ನು ತೋರಿಸಿದವು. ಇದಕ್ಕಾಗಿ ಅವರಿಬ್ಬರಿಗೂ 1993ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಉಳಿಯುವ ಭಾಗ ಎಕ್ಸಾನ್; ತೆಗೆಯಲ್ಪಡುವ ಭಾಗ ಇಂಟ್ರಾನ್. ಈ ಕತ್ತರಿಸಿ ಜೋಡಿಸುವ ಕ್ರಿಯೆಯೇ ಸ್ಪ್ಲೈಸಿಂಗ್. ಐದು ಕಿರು ಆರ್‌ಎನ್‌ಎಗಳೂ ಅನೇಕ ಪ್ರೋಟೀನುಗಳೂ ಸೇರಿದ ಸ್ಪ್ಲೈಸಿಯೋಸೋಮ್ ಇದನ್ನು ನೆರವೇರಿಸುತ್ತದೆ.

ಯಾವ ಎಕ್ಸಾನ್ ಉಳಿಯಬೇಕೆಂಬುದು ನಿಯಂತ್ರಣದ ವಿಷಯ. ಎಸ್‌ಆರ್ ಪ್ರೋಟೀನುಗಳು ಸಾಮಾನ್ಯವಾಗಿ ಎಕ್ಸಾನನ್ನು ಉಳಿಸಲು ನೆರವಾದರೆ, ಎಚ್‌ಎನ್‌ಆರ್‌ಎನ್‌ಪಿ ವರ್ಗದ ಹಲವು ಪ್ರೋಟೀನುಗಳು ಅದನ್ನು ತಡೆಯುತ್ತವೆ. ಒಂದೇ ಕಥೆಗೆ ಹಲವು ಪಾಠಗಳಿರುವುದು ಜಾನಪದದಲ್ಲಿ ಸುಪರಿಚಿತ. ಒಂದೇ ವಂಶವಾಹಿಗೂ ಹೀಗೆ ಹಲವು ಪಾಠಗಳುಂಟು. ಹಣ್ಣುನೊಣದ ಡಿಸ್ಕ್ಯಾಮ್ ವಂಶವಾಹಿಯಿಂದ 38,016 ರೂಪಗಳು ಸಾಧ್ಯ. ಆದರೆ ಸಾಮ್ಯ ಇಲ್ಲಿಗೇ ನಿಲ್ಲುತ್ತದೆ: ಕಥನಕಾರನು ಕೇಳುಗರನ್ನು ನೋಡಿ ಪಾಠವನ್ನು ಆಯ್ದರೆ, ಕೋಶದಲ್ಲಿ ಅದು ನಿರ್ಧಾರವಾಗುವುದು ಪ್ರೋಟೀನುಗಳ ಪ್ರಮಾಣ ಮತ್ತು ಅವು ಅಂಟುವ ತಾಣಗಳಿಂದ.

ಸ್ಪ್ಲೈಸಿಂಗ್ ನಡೆದಾಗ ಜೋಡಣೆಯ ಬಳಿ ಒಂದು ಪ್ರೋಟೀನ್ ಸಂಕೀರ್ಣ ಗುರುತಿನಂತೆ ಉಳಿಯುತ್ತದೆ. ಟ್ರೆಕ್ಸ್ ಎಂಬ ಇನ್ನೊಂದು ಸಂಕೀರ್ಣವು ಪರಿಷ್ಕೃತ ಪ್ರತಿಗೆ ಎನ್‌ಎಕ್ಸ್‌ಎಫ್1 ಎಂಬ ವಾಹಕವನ್ನು ಒದಗಿಸುತ್ತದೆ. ವಾಹಕವು ಅದನ್ನು ಕೇಂದ್ರಪೊರೆಯ ರಂಧ್ರದ ಮೂಲಕ ದಾಟಿಸುತ್ತದೆ. ಹೊರಬದಿಯಲ್ಲಿ ಡಿಡಿಎಕ್ಸ್19 ಎಂಬ ಕಿಣ್ವವು ಎಟಿಪಿಯ ನೆರವಿನಿಂದ ವಾಹಕವನ್ನು ಕಳಚುವುದರಿಂದ ಪ್ರತಿಯು ಒಳಕ್ಕೆ ಹಿಂತಿರುಗದು. ಇಂಟ್ರಾನ್ ಉಳಿದ ಪ್ರತಿಗಳು ಸಾಮಾನ್ಯವಾಗಿ ಒಳಗೇ ತಡೆಹಿಡಿಯಲ್ಪಡುತ್ತವೆ. ಎಚ್‌ಐವಿ ಈ ತಡೆಯನ್ನು ಮೀರುತ್ತದೆ: ಅದರ ರೆವ್ ಪ್ರೋಟೀನು ಸಿಆರ್‌ಎಂ1 ಎಂಬ ಬೇರೊಂದು ವಾಹಕವನ್ನು ಬಳಸಿ ಇಂಟ್ರಾನ್‌ಸಹಿತ ಪ್ರತಿಗಳನ್ನೂ ಹೊರಗೊಯ್ಯುತ್ತದೆ.

ಈ ವ್ಯವಸ್ಥೆಯ ಬೆಲೆ ತಿಳಿಯುವುದು ರೋಗದಲ್ಲಿ. ಬೆನ್ನುಹುರಿಯ ಸ್ನಾಯುಕ್ಷಯವೆಂಬ ಕಾಯಿಲೆಯಲ್ಲಿ ಎಸ್‌ಎಂಎನ್1 ವಂಶವಾಹಿ ನಷ್ಟವಾಗಿರುತ್ತದೆ ಅಥವಾ ಕೆಟ್ಟಿರುತ್ತದೆ. ಅದರ ಅವಳಿಯಾದ ಎಸ್‌ಎಂಎನ್2 ಇದ್ದರೂ, ಏಳನೆಯ ಎಕ್ಸಾನ್‌ನಲ್ಲಿನ ಒಂದೇ ಅಕ್ಷರದ ವ್ಯತ್ಯಾಸದಿಂದ ಆ ಎಕ್ಸಾನ್ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಸಾಕಷ್ಟು ಪ್ರೋಟೀನು ದೊರೆಯದೆ ಚಲನೆಯ ನರಕೋಶಗಳು ನಾಶವಾಗುತ್ತವೆ. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನುಸಿನರ್ಸೆನ್ ಔಷಧವು ಪಕ್ಕದ ಇಂಟ್ರಾನ್‌ನ ತಡೆತಾಣವನ್ನು ಮುಚ್ಚಿ ಆ ಎಕ್ಸಾನನ್ನು ಉಳಿಸುತ್ತದೆ. ವಂಶವಾಹಿಯನ್ನು ತಿದ್ದದೆ ಅದರ ಪಾಠವನ್ನಷ್ಟೇ ತಿದ್ದಿ ಚಿಕಿತ್ಸೆ ನೀಡಬಹುದೆಂಬುದಕ್ಕೆ ಇದು ನಿದರ್ಶನ.